ಶಾಂತಿ ಅಳೆಯುವ ಕೊಳಗ ಯಾರದ್ದು?

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನಿಂತು ಕಾಗೋಡಿನ ಕಥೆ ಹೇಳುವುದು ನಿಮಗೆ ನಿಮ್ಮ ಮನೆ ದಾರಿ ತೋರಿಸಿದ ಹಾಗೆ. ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ. 1951ರಲ್ಲಿ ಕಾಗೋಡಿನಲ್ಲಿ ರೈತ ಮುಖಂಡ ಎಚ್. ಗಣಪತಿಯಪ್ಪನವರ ಜೊತೆ ಗೇಣಿದಾರರು ಭೂಮಿಯ ಒಡೆಯರ ಎದುರು ಎದ್ದು ನಿಂತರಲ್ಲ, ಆಗಿನ ದೊಡ್ಡ ತಕರಾರು ಕೊಳಗದ್ದು. ಗೇಣಿ ಭತ್ತ ಅಳೆಯುವ ಕೊಳಗ ಒಡೆಯರದ್ದು, ಅದರ ಗಾತ್ರ ಜಾಸ್ತಿ ಎಂಬುದು ಒಕ್ಕಲುಗಳ ದೂರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಆಮೇಲೆ. ಅದಕ್ಕೂ ಮೊದಲು ಯಾರಾದರೂ ಒಡೆಯರ ಜಗಲಿಯಲ್ಲಿ ಕೂತು 'ಊರಲ್ಲಿ ಶಾಂತಿ ಇದೆಯಾ?' ಅಂತ ಕೇಳಿದ್ದರೆ ಏನು ಉತ್ತರ ಬರುತ್ತಿತ್ತು, ನೀವೇ ಊಹಿಸಿ.

ಈಗ ದೇಶದೇಶಗಳ ಶಾಂತಿಗೂ ಅಳತೆ ಇದೆ. 2007ರಿಂದ 'ಗ್ಲೋಬಲ್ ಪೀಸ್ ಇಂಡೆಕ್ಸ್' ಬರುತ್ತಿದೆ. ನೂರರುವತ್ತಕ್ಕೂ ಹೆಚ್ಚು ದೇಶಗಳು, 23 ಸೂಚಕಗಳು: ಕೊಲೆಗಳೆಷ್ಟು, ಸೈನ್ಯಕ್ಕೆ ಖರ್ಚೆಷ್ಟು, ಹೀಗೆ. ಕೆಲಸಕ್ಕೆ ಬರುವ ಲೆಕ್ಕವೇ. ಆದರೆ ಹೊಸನಗರದ ಒಂದು ಕೇರಿ ಆ ಲೆಕ್ಕದಲ್ಲಿ ಎಲ್ಲಿ ಕಾಣಬೇಕು?

ಪಮೀನಾ ಫರ್ಚೋ ಮತ್ತು ರೋಜರ್ ಮ್ಯಾಕ್ ಗಿಂಟಿ ಎಂಬ ಇಬ್ಬರು ಸಂಶೋಧಕರು ಇದನ್ನು ತಿರುವಿ ಹಾಕಿದರು. ಅವರ 'ಎವ್ರಿಡೇ ಪೀಸ್ ಇಂಡಿಕೇಟರ್ಸ್', ಅಂದರೆ ದಿನನಿತ್ಯದ ಶಾಂತಿಯ ಸೂಚಕಗಳ ಕೆಲಸ ಉಗಾಂಡಾ, ದಕ್ಷಿಣ ಆಫ್ರಿಕಾದಂಥ ಕಡೆ ಶುರುವಾಗಿ, ಆಮೇಲೆ ಕೊಲಂಬಿಯಾಕ್ಕೂ ಹೋಯಿತು. ಅಲ್ಲಿ ಊರಿನವರನ್ನೇ ಕೇಳುತ್ತಾರೆ: ನೆಮ್ಮದಿ ಇದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ? ಹೆಂಗಸರು, ಗಂಡಸರು, ಹುಡುಗ ಹುಡುಗಿಯರು ಬೇರೆ ಬೇರೆ ಕೂತು ಪಟ್ಟಿ ಮಾಡುತ್ತಾರೆ. ಮುಖ್ಯವಾದದ್ದು ಯಾವುದು ಅಂತ ಮತ್ತೆ ಊರಿನವರೇ ಮತ ಹಾಕುತ್ತಾರೆ. ಬಂದ ಉತ್ತರಗಳಲ್ಲಿ ನಾಯಿ ಬೊಗಳುವುದೂ ಒಂದು. ರಾತ್ರಿ ನಾಯಿ ಬೊಗಳಿತು ಅಂದರೆ ಯಾರೋ ಓಡಾಡುತ್ತಿದ್ದಾರೆ ಅಂತ. ರಾತ್ರಿ ಎದ್ದು ಹೊರಗೆ ಹೋಗಿ ಮೂತ್ರ ಮಾಡಿ ಬರಲು ಹೆದರಿಕೆ ಇಲ್ಲದಿರುವುದು ಇನ್ನೊಂದು. ಯಾವ ತಜ್ಞರಿಗೆ ಇದು ಹೊಳೆಯುತ್ತಿತ್ತು ಹೇಳಿ?

ನಮ್ಮ ಕಡೆ ಕೇಳಿದರೆ ಏನು ಬರಬಹುದು? ನನ್ನ ಲೆಕ್ಕದಲ್ಲಿ ಉಣಗೋಲು, ಅಂದರೆ ಬೇಲಿಯಲ್ಲಿ ದಾರಿಗೆ ಬಿಟ್ಟ ಗಳದ ತಡೆ, ಮೊದಲು ಬರುತ್ತದೆ. ಒಬ್ಬರ ತೋಟದ ಅಂಚಿನಲ್ಲಿ ಇನ್ನೊಬ್ಬರ ಮನೆಗೆ ಕಾಲುದಾರಿ. ಗಳ ಸರಿಸಿ, ದಾಟಿ, ಮತ್ತೆ ಹಾಕಿ ಹೋಗುತ್ತಾರೆ. ಗಡಿ ತಕರಾರು ಹತ್ತಿತು ಅನ್ನಿ. ಸ್ಟೇಷನ್ನಿಗೆ ದೂರು ಹೋಗುವ ಎಷ್ಟೋ ಮೊದಲೇ ಆ ಜಾಗಕ್ಕೆ ಮುಳ್ಳುತಂತಿ ಬಂದಿರುತ್ತದೆ. ಶಾಲೆ ಮಕ್ಕಳು ಬ್ಯಾಗು ಹೊತ್ತು ಗದ್ದೆ ಸುತ್ತಿ ಹೋಗುತ್ತಾರೆ. ಹಾಗೇ ಮುಯ್ಯಾಳು, ಅಂದರೆ ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ನಟ್ಟಿ ದಿನ ಯಾವ ಮನೆಯಿಂದ ಆಳು ಬರಲಿಲ್ಲ ಅನ್ನುವುದು ಇಡೀ ಊರಿಗೆ ಗೊತ್ತು. ಪೊಲೀಸ್ ದಾಖಲೆಯಲ್ಲಿ ಮಾತ್ರ ಆ ಊರು ತಣ್ಣಗಿರುತ್ತದೆ.

ಶಿವಮೊಗ್ಗ ಪೇಟೆಯದ್ದು ಬೇರೆ. ಮೆರವಣಿಗೆ ದಿನ ಗಾಂಧಿ ಬಜಾರಿನಲ್ಲಿ ಶಟರ್ ಎಷ್ಟು ಹೊತ್ತಿಗೆ ಇಳಿಯಿತು ಅಂತ ಅಂಗಡಿಯವರು ನೋಡಬಹುದು. ಮೂಲೆಯಲ್ಲಿ ಪೊಲೀಸ್ ವ್ಯಾನ್ ನಿಂತರೆ ಒಬ್ಬರಿಗೆ ಧೈರ್ಯ, ಪಕ್ಕದ ಬೀದಿಯವರಿಗೆ ಗಾಬರಿ. ಇಲ್ಲೇ ತೊಡಕು. ಮತಕ್ಕೆ ಹಾಕಿದರೆ ಜಾಸ್ತಿ ಜನರ ಸೂಚನೆ ಗೆಲ್ಲುತ್ತದೆ, ಅಲ್ವಾ? ಹಾಗಾದರೆ ಕೊಳಗ ಕೈ ಬದಲಾಯಿತು ಅಷ್ಟೇ. ಬೀದಿಗೊಂದು ಪಟ್ಟಿ ಇರಲಿ ಅಂತ ನಾನು ಹೇಳುತ್ತೇನೆ. ಊರಿಂದೂರಿಗೆ ಹೋಲಿಸಲು ಆಗುವುದಿಲ್ಲ ಅಂತ ಅಧಿಕಾರಿಗಳು ಗೊಣಗುತ್ತಾರೆ, ಗೊಣಗಲಿ. ಹೋಲಿಸುವುದಕ್ಕೆ ಆ 23 ಸೂಚಕಗಳು ಇವೆಯಲ್ಲ.

ಇನ್ನು, ಈ ಪಟ್ಟಿ ಮಾಡುವ ಕೆಲಸಕ್ಕೆ ಪಂಚಾಯ್ತಿ ಸಭಾಂಗಣದಲ್ಲಿ ಕುರ್ಚಿ ಹಾಕಿಸಬೇಡಿ. ಮುಂದಿನ ಸಾಲಿನವರೇ ಮಾತಾಡಿ ಮುಗಿಸುತ್ತಾರೆ. ಕೊಯ್ಲಿನ ಹೊತ್ತಿಗೆ ರಾತ್ರಿ ಅಡಿಕೆ ಸುಲಿಯುವ ಕಡೆ ಹೋಗಿ. ಯಾವ ಮನೆಯ ಹುಡುಗಿ ಕತ್ತಲಾದ ಮೇಲೆ ಬಸ್ಸಿಳಿದು ಒಬ್ಬಳೇ ಬರುತ್ತಾಳೆ, ಯಾರಿಗೆ ಅಣ್ಣ ಟಾರ್ಚ್ ಹಿಡಿದು ಎದುರು ಹೋಗಬೇಕು, ಎಲ್ಲವೂ ಅಲ್ಲಿ ಬರುತ್ತದೆ. ನೋಟ್‌ಬುಕ್ ಬ್ಯಾಗಿನಲ್ಲೇ ಇರಲಿ. ಮೆಟ್ಟುಗತ್ತಿ ಹಿಡಿಯಲು ಬಂದರೆ ನೀವೂ ನಾಲ್ಕು ಸುಲಿಯಿರಿ.