ಗುಡ್ಡದ ಮೇಲೆ ಊರು, ಬುಡದಲ್ಲಿ ನೀರು

ಕೇಳುಗರಿಗೆ ನಮಸ್ಕಾರ.

ಇಟಲಿ ಅಂದ ಕೂಡಲೇ ರೋಮ್, ವೆನಿಸ್, ಪೀಸಾದ ವಾಲಿದ ಗೋಪುರ ನೆನಪಾಗುತ್ತವೆ, ಅಲ್ವಾ? ಇವತ್ತು ಅವನ್ನೆಲ್ಲ ಪಕ್ಕಕ್ಕಿಟ್ಟು ನಡು ಇಟಲಿಯ ಉಂಬ್ರಿಯಾಕ್ಕೆ ಹೋಗೋಣ. ಮೂರು ಕಡೆ ಸಮುದ್ರ ಇರುವ ಈ ನಾಡಿನಲ್ಲಿ ಉಂಬ್ರಿಯಾಕ್ಕೆ ಕಡಲೂ ಇಲ್ಲ, ಹೊರದೇಶದ ಗಡಿಯೂ ಇಲ್ಲ. ಇರುವುದು ಗುಡ್ಡಗಳು, ಗುಡ್ಡದ ನೆತ್ತಿಯಲ್ಲಿ ಕಲ್ಲಿನ ಊರುಗಳು. ಶತ್ರುಗಳ ಭಯಕ್ಕೆ ಎತ್ತರದಲ್ಲಿ ಮನೆ ಕಟ್ಟಿಕೊಂಡರು, ಸರಿ. ಕುಡಿಯುವ ನೀರಿಗೆ ಏನು ಮಾಡಿದರು? ಇಲ್ಲಿ ನೋಡಲೇಬೇಕಾದ ಜಾಗಗಳಲ್ಲಿ ಹಲವು ಹುಟ್ಟಿದ್ದು ಈ ಪ್ರಶ್ನೆಯಿಂದಲೇ.

ಮೊದಲು ಒರ್ವಿಯೆತೊ. ಜ್ವಾಲಾಮುಖಿಯ ಮೆತ್ತನೆ ಕಲ್ಲಿನ ದಿಬ್ಬದ ಮೇಲೆ ಕೂತಿರುವ ಊರು. 1527ರಲ್ಲಿ ಸೈನಿಕರು ರೋಮ್ ನಗರವನ್ನು ಲೂಟಿ ಮಾಡಿದರು. ಆಗ ಪೋಪ್ ಏಳನೇ ಕ್ಲೆಮೆಂಟ್ ತಪ್ಪಿಸಿಕೊಂಡು ಬಂದದ್ದು ಇಲ್ಲಿಗೆ. ಮುತ್ತಿಗೆ ಬಿದ್ದರೆ ನೀರಿಗೆ ಗತಿ ಏನು ಎಂಬ ಚಿಂತೆ ಹತ್ತಿತು. ಬಾವಿ ತೋಡಿಸಲು ಆಂತೋನಿಯೊ ದ ಸಾಂಗಾಲ್ಲೊ ಎಂಬ ವಾಸ್ತುಶಿಲ್ಪಿಗೆ ಹೇಳಿದರು. ಬಾವಿ ಮುಗಿದದ್ದು 1537ರಲ್ಲಿ. ಅಷ್ಟರಲ್ಲಿ ಪೋಪ್ ತೀರಿಕೊಂಡು ಮೂರು ವರ್ಷವಾಗಿತ್ತು.

ಆ ಬಾವಿ ಸುಮಾರು 53 ಮೀಟರ್ ಆಳ, 13 ಮೀಟರ್ ಅಗಲ. ಕೊಡ ಹೊತ್ತ ಹೇಸರಗತ್ತೆಗಳು ತಳದ ತನಕ ಇಳಿದು ಬರಬೇಕು. ಕಿರಿದಾದ ದಾರಿಯಲ್ಲಿ ಇಳಿಯುವ ಕತ್ತೆಗೆ ಹತ್ತುವ ಕತ್ತೆ ಎದುರಾದರೆ ಏನು ಗತಿ? ಅದಕ್ಕೇ ಎರಡು ಮೆಟ್ಟಿಲಸಾಲು ಮಾಡಿದರು. ಎರಡೂ ಒಂದರ ಮೇಲೊಂದು ಸುತ್ತಿಕೊಂಡು ಇಳಿಯುತ್ತವೆ, ಆದರೆ ನಡುವೆ ಎಲ್ಲೂ ಕೂಡುವುದಿಲ್ಲ. ಒಂದೊಂದರಲ್ಲೂ 248 ಮೆಟ್ಟಿಲು. ಕತ್ತೆಗಳ ಕಾಲಿಗೆ ಹೊಂದುವಂತೆ ಮೆಟ್ಟಿಲು ಅಗಲ ಜಾಸ್ತಿ, ಎತ್ತರ ಕಡಿಮೆ. ತಳದಲ್ಲಿ ಒಂದು ಪುಟ್ಟ ಸೇತುವೆ. ಅದನ್ನು ದಾಟಿದರೆ ಹತ್ತುವ ಸಾಲು ಸಿಗುತ್ತದೆ.

ಬಾವಿಯ ಒಳಗೋಡೆಯಲ್ಲಿ ಸುಮಾರು 70 ಕಿಟಕಿಗಳಿವೆ. ಮೇಲಿಂದ ಬಿದ್ದ ಬೆಳಕು ಅವುಗಳ ಮೂಲಕ ಮೆಟ್ಟಿಲಿಗೆ ಬರುತ್ತದೆ. ಇಳಿಯುತ್ತಾ ಒಂದು ಕಿಟಕಿಯಲ್ಲಿ ಇಣುಕಿದರೆ ಎದುರಿನ ಕಿಟಕಿಯಲ್ಲಿ ಹತ್ತುತ್ತಿರುವವರ ಮುಖ ಕಾಣುತ್ತದೆ. ಇಳಿದಷ್ಟೂ ಗೋಡೆ ಒದ್ದೆ, ಗಾಳಿ ತಣ್ಣಗೆ. ಮಂಡಿನೋವು ಇರುವವರು ಸ್ವಲ್ಪ ಯೋಚಿಸಿ ಇಳಿಯಿರಿ. ಇಳಿದಷ್ಟನ್ನೂ ಹತ್ತಲೇಬೇಕು.

ರೈಲು ನಿಲ್ದಾಣದಿಂದ ಊರಿಗೆ ಹಳಿಯ ಮೇಲೆ ಏರುವ ಕೇಬಲ್ ಬಂಡಿ ಇದೆ. 1888ರಲ್ಲಿ ಶುರುವಾದಾಗ ಅದು ಓಡುತ್ತಿದ್ದದ್ದೂ ನೀರಿನಿಂದಲೇ. ಒಂದೇ ಕೇಬಲ್ಲಿಗೆ ಕಟ್ಟಿದ ಎರಡು ಬಂಡಿಗಳಲ್ಲಿ ಮೇಲಿನದರ ತೊಟ್ಟಿಗೆ ನೀರು ತುಂಬುತ್ತಿದ್ದರು. ಆ ಭಾರಕ್ಕೆ ಅದು ಇಳಿಯುತ್ತಿತ್ತು, ಕೆಳಗಿನದು ಏರುತ್ತಿತ್ತು. ಈಗ ವಿದ್ಯುತ್ತಿನಿಂದ ಓಡುತ್ತದೆ.

ಒರ್ವಿಯೆತೊದ ದೊಡ್ಡ ಚರ್ಚಿನ ಚಿನ್ನದ ಬಣ್ಣದ ಮುಂಭಾಗ ನೋಡಲು ಜನ ಮುಗಿಬೀಳುತ್ತಾರೆ. ಚೆನ್ನಾಗಿದೆ, ನಿಜ. ಆದರೆ ನನ್ನ ಓಟು ಬಾವಿಗೇ.

ಉಂಬ್ರಿಯಾದ ರಾಜಧಾನಿ ಪೆರೂಜಾ. ಅಲ್ಲಿನವರು ನೀರಿಗಾಗಿ ಕೆಳಗೆ ಇಳಿಯಲಿಲ್ಲ, ದೂರದ ಬೆಟ್ಟದಿಂದ ಕೊಳವೆಯಲ್ಲಿ ತಂದರು. ಆ ನೀರು ಬಂದು ಬಿದ್ದ ಕಾರಂಜಿ ಮುಖ್ಯ ಚೌಕದಲ್ಲಿದೆ. ನಿಕೊಲಾ ಪಿಸಾನೊ ಮತ್ತು ಅವನ ಮಗ ಜೊವಾನ್ನಿ 1278ರಲ್ಲಿ ಮುಗಿಸಿದ ಕೆಲಸ. ಕೆಳಗಿನ ತೊಟ್ಟಿಯ ಸುತ್ತ ಹನ್ನೆರಡು ತಿಂಗಳ ದುಡಿಮೆಯನ್ನು ಕೆತ್ತಿದ್ದಾರೆ. ಜನವರಿಯಲ್ಲಿ ಗಂಡಹೆಂಡತಿ ಬೆಂಕಿ ಕಾಯಿಸುತ್ತಿದ್ದಾರೆ. ಫೆಬ್ರವರಿಯಲ್ಲಿ ಮೀನು ಹಿಡಿಯುತ್ತಿದ್ದಾರೆ. ಸಂತರ ಸಾಲಿನ ಪಕ್ಕದಲ್ಲೇ ರೈತರಿಗೂ ಜಾಗ ಸಿಕ್ಕಿದೆ. ನನಗೆ ಇದು ಬಲು ಇಷ್ಟ.

ಅಸ್ಸೀಸಿಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ನೀರನ್ನು ಅಕ್ಕತಂಗಿ ಎಂದು ಕರೆದ ಸಂತ ಫ್ರಾನ್ಸಿಸರ ಊರು. 1997ರ ಸೆಪ್ಟೆಂಬರಿನ ಭೂಕಂಪದಲ್ಲಿ ಅಲ್ಲಿನ ಬಸಿಲಿಕಾದ ಚಾವಣಿ ಕುಸಿದು ನಾಲ್ವರು ಸತ್ತರು. ಚೂರಾದ ಭಿತ್ತಿಚಿತ್ರಗಳನ್ನು ಆಮೇಲೆ ತುಣುಕು ತುಣುಕಾಗಿ ಹೊಂದಿಸಿದರು.

ಇನ್ನು ತೆರ್ನಿ ಪಟ್ಟಣದ ಹತ್ತಿರದ ಮಾರ್ಮೊರೆ ಜಲಪಾತ. ಮೂರು ಹಂತದಲ್ಲಿ 165 ಮೀಟರ್ ಧುಮುಕುತ್ತದೆ. ಸುತ್ತ ದಟ್ಟ ಹಸಿರು, ಮುಖಕ್ಕೆ ಹನಿ. ಇದು ಪ್ರಕೃತಿ ಕೊಟ್ಟದ್ದಲ್ಲ, ರೋಮನ್ನರು ಮಾಡಿದ್ದು. ರಿಯೇತಿ ಬಯಲಿನಲ್ಲಿ ವೆಲಿನೊ ನದಿ ನಿಂತು ಜೌಗಾಗಿತ್ತು. ಕ್ರಿಸ್ತಪೂರ್ವ 271ರಲ್ಲಿ ಕಾಲುವೆ ಕಡಿದು ಆ ನೀರನ್ನು ಬಂಡೆಯ ಅಂಚಿನಿಂದ ಕೆಳಗಿನ ನೇರಾ ನದಿಗೆ ಬೀಳಿಸಿದರು. ಮೇಲಿನವರ ಜೌಗು ಒಣಗಿತು, ಕೆಳಗಿನವರಿಗೆ ನೆರೆಯ ಕಾಟ ಶುರುವಾಯಿತು. ಜಗಳ ರೋಮ್ ತನಕ ಹೋಯಿತು. ಕ್ರಿಸ್ತಪೂರ್ವ 54ರಲ್ಲಿ ರಿಯೇತಿಯವರ ಪರ ವಾದಿಸಿದ್ದು ರೋಮಿನ ಹೆಸರಾಂತ ಮಾತುಗಾರ, ಸಾಕ್ಷಾತ್ ಸಿಸೆರೊ!

ಈಗ ಆ ನೀರಿನ ಬಹುಪಾಲು ವಿದ್ಯುತ್ ತಯಾರಿಕೆಗೆ ಹೋಗುತ್ತದೆ. ಜಲಪಾತಕ್ಕೆ ಬಿಡುವುದು ಗೊತ್ತುಮಾಡಿದ ಹೊತ್ತಿನಲ್ಲಿ ಮಾತ್ರ. ಬೇಸಿಗೆಯಲ್ಲಿ ಜೋಗಕ್ಕೆ ಹೋಗಿ ಬರೀ ಬಂಡೆ ನೋಡಿಕೊಂಡು ಬಂದವರಿಗೆ ಇದೇನೂ ಹೊಸದಲ್ಲ. ಮೊದಲು ಸೈರನ್ ಕೂಗುತ್ತದೆ. ಸಣ್ಣಗೆ ಇಳಿಯುತ್ತಿದ್ದ ನೀರು ಸ್ವಲ್ಪ ಹೊತ್ತಿನಲ್ಲೇ ಭೋರ್ಗರೆಯಲು ಶುರುಮಾಡುತ್ತದೆ. ಹಾಗಾಗಿ ಹೊರಡುವ ಮುಂಚೆ ಆ ದಿನದ ಸಮಯ ವಿಚಾರಿಸಿಕೊಳ್ಳಿ. ಕೆಳಗಿನ ದಾರಿಯಲ್ಲಿ ನಿಲ್ಲುವುದಾದರೆ ರೇನ್‌ಕೋಟ್ ಇರಲಿ. ಅಲ್ಲಿ ಹನಿ ಎಲ್ಲ ಕಡೆಯಿಂದಲೂ ಬರುತ್ತದೆ, ಕೊಡೆಯಿಂದ ಏನೂ ಪ್ರಯೋಜನ ಇಲ್ಲ.