48 ಗಂಟೆಯಲ್ಲಿ ಒಂದು ಕನ್ನಡ ಸಂವಾದಿ ಕಥೆ

[ತೆರೆಯ ಮೇಲೆ: 48:00:00 ಎಂದು ತೋರಿಸುವ ಗಡಿಯಾರ ಹಿಂದಕ್ಕೆ ಓಡಲು ಆರಂಭಿಸುತ್ತದೆ]

ನಮಸ್ಕಾರ. ವಾರಾಂತ್ಯದ ಆರಂಭದಲ್ಲಿ ಒಂದು ವಿಷಯವನ್ನು ಕೊಟ್ಟು, ಅದು ಮುಗಿಯುವುದರೊಳಗೆ ಆಡಬಹುದಾದ ಆಟವೊಂದನ್ನು ಒಪ್ಪಿಸಬೇಕೆನ್ನುವ ಕೂಟಗಳನ್ನು ಗೇಮ್ ಜ್ಯಾಮ್ ಎನ್ನುತ್ತಾರೆ. 2002ರಲ್ಲಿ ಶುರುವಾದ ಲುಡಮ್ ಡೇರ್ ಇಂಥ ಹಳೆಯ ಕೂಟಗಳಲ್ಲೊಂದು. ಅದರ ಕಾಂಪೋ ವಿಭಾಗದಲ್ಲಿ ಒಬ್ಬರೇ ಕುಳಿತು ಚಿತ್ರ, ಧ್ವನಿ, ಕೋಡ್ ಎಲ್ಲವನ್ನೂ 48 ಗಂಟೆಯೊಳಗೆ ಹೊಸದಾಗಿ ಮಾಡಬೇಕು. ಕೋಡಿಂಗ್ ಅಭ್ಯಾಸವಿಲ್ಲದವರೂ ಅಷ್ಟೇ ಅವಧಿಯಲ್ಲಿ ಕನ್ನಡದ ಸಂವಾದಿ ಕಥೆಯೊಂದನ್ನು, ಅಂದರೆ ಓದುಗರು ಮಾಡುವ ಆಯ್ಕೆಗಳಂತೆ ಸಾಗುವ ಕಥೆಯೊಂದನ್ನು, ಹೇಗೆ ಮುಗಿಸಬಹುದೆಂಬುದನ್ನು ಈ ವಿಡಿಯೋದಲ್ಲಿ ನೋಡೋಣ.

ಕಡಿಮೆ ಸಮಯವಿದ್ದಾಗ ಸಾಧನವೂ ಚಿಕ್ಕದಾಗಿರುವುದು ಒಳ್ಳೆಯದು. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರ್ರಿ ಅವರು ಸೆಲೆಸ್ಟ್ ಆಟದ ಮೊದಲ ರೂಪವನ್ನು ನಾಲ್ಕೇ ದಿನಗಳಲ್ಲಿ, ಪುಟ್ಟ ಆಟಗಳನ್ನು ಕಟ್ಟುವ ಪಿಕೋ-8 ಎಂಬ ತಂತ್ರಾಂಶದಲ್ಲಿ ಕಟ್ಟಿದರು. ಪಿಕೋ-8ರ ಪರದೆಯಲ್ಲಿರುವುದು 128×128 ಪಿಕ್ಸೆಲ್ ಮತ್ತು 16 ಬಣ್ಣ ಮಾತ್ರ. ಚಿತ್ರವನ್ನು ಇನ್ನಷ್ಟು ತಿದ್ದೋಣವೆಂಬ ಆಸೆಗೆ ಅಲ್ಲಿ ಜಾಗವೇ ಇಲ್ಲ. ಅದೇ ಆಟ ಬೆಳೆದು 2018ರಲ್ಲಿ ಪೂರ್ಣ ರೂಪದಲ್ಲಿ ಬಿಡುಗಡೆಯಾಯಿತು.

ಕಥೆಗೆ ನಾನು ಸೂಚಿಸುವ ಸಾಧನ ಟ್ವೈನ್. ಕ್ರಿಸ್ ಕ್ಲೈಮಸ್ ಅವರು 2009ರಲ್ಲಿ ಹೊರತಂದ ಈ ಉಚಿತ ತಂತ್ರಾಂಶದಲ್ಲಿ ಕಥೆಯ ಒಂದೊಂದು ತುಣುಕೂ ಒಂದೊಂದು ಚೌಕ. ಎರಡೆರಡು ಚೌಕಾವರಣಗಳ ನಡುವೆ [[ಬಸ್ ಹತ್ತು]] ಎಂದು ಬರೆದರೆ, ಆ ಹೆಸರಿನ ಹೊಸ ಚೌಕ ತಾನಾಗಿ ಹುಟ್ಟಿಕೊಳ್ಳುತ್ತದೆ.

[ತೆರೆಯ ಮೇಲೆ: ಒಂದು ಚೌಕ ಎರಡಾಗಿ, ನಾಲ್ಕಾಗಿ, ಎಂಟಾಗಿ ಕವಲೊಡೆಯುತ್ತದೆ]

ಎಷ್ಟೋ ಕಥೆಗಳು ಅರ್ಧಕ್ಕೆ ನಿಲ್ಲುವುದು ಈ ಸರಳತೆಯಿಂದಲೇ. ಪ್ರತಿ ಹೆಜ್ಜೆಗೂ ಎರಡು ಆಯ್ಕೆ ಕೊಟ್ಟು, ಐದು ಹೆಜ್ಜೆಗಳವರೆಗೆ ಎಲ್ಲ ಕವಲುಗಳನ್ನೂ ಬೇರೆ ಬೇರೆಯಾಗಿ ಬೆಳೆಸಿದರೆ 63 ತುಣುಕುಗಳನ್ನು ಬರೆಯಬೇಕಾಗುತ್ತದೆ, ಅವುಗಳಲ್ಲಿ 32 ಅಂತ್ಯಗಳೇ. ಓದುಗರಾದರೋ ಒಂದು ಸಲ ಆಡುವಾಗ ನೋಡುವುದು ಆರನ್ನು ಮಾತ್ರ. ಆದ್ದರಿಂದ ಕವಲುಗಳನ್ನು ಮತ್ತೆ ಕೂಡಿಸಬೇಕು. ರಾತ್ರಿ ಹಾಸನದ ಬಸ್ ನಿಲ್ದಾಣದಲ್ಲಿ ಊರಿಗೆ ಹೋಗುವ ಕೊನೆಯ ಬಸ್ಸನ್ನು ತಪ್ಪಿಸಿಕೊಂಡ ಹುಡುಗಿಯೊಬ್ಬಳ ಮೊಬೈಲಿನಲ್ಲಿ ಶೇಕಡಾ 10ರಷ್ಟು ಚಾರ್ಜ್ ಉಳಿದಿದೆ ಎಂದುಕೊಳ್ಳಿ. ಅವಳು ಮನೆಗೆ ಕರೆ ಮಾಡಲಿ, ಸಂದೇಶ ಕಳಿಸಲಿ, ಕಥೆ ಮುಂದಿನ ದೃಶ್ಯದಲ್ಲಿ ಒಂದಾಗುತ್ತದೆ. ಬದಲಾಗುವುದು ಚಾರ್ಜ್ ಎಂಬ ಒಂದೇ ಸಂಖ್ಯೆ, ಮತ್ತು ಅಂತ್ಯವನ್ನು ನಿರ್ಧರಿಸುವುದೂ ಅದೇ. ಐದು ಮುಖ್ಯ ದೃಶ್ಯ, ಹತ್ತು ಪುಟ್ಟ ಆಯ್ಕೆಗಳು, ಮೂರು ಅಂತ್ಯಗಳು: ಒಟ್ಟು 18 ತುಣುಕು. ಇಷ್ಟನ್ನು ಎರಡು ದಿನದಲ್ಲಿ ಚೆನ್ನಾಗಿ ಬರೆಯಬಹುದು. ಈ ವಿಧಾನ ಕಥೆಯ ದೃಷ್ಟಿಯಿಂದಲೂ ಮೇಲೆಂದು ನನಗನಿಸುತ್ತದೆ, ಏಕೆಂದರೆ ಹಿಂದೆ ಮಾಡಿದ ಆಯ್ಕೆ ಕೊನೆಯವರೆಗೂ ಹುಡುಗಿಯ ಬೆನ್ನಿಗಿರುತ್ತದೆ.

ಮೊದಲ ದಿನ ಕತ್ತಲಾಗುವುದರೊಳಗೆ, ಆರಂಭದಿಂದ ಮೂರೂ ಅಂತ್ಯಗಳವರೆಗೆ ಆಡಿ ಮುಗಿಸಬಹುದಾದ ಅಸ್ಥಿಪಂಜರ ಸಿದ್ಧವಾಗಿರಬೇಕು. ಪ್ರತಿ ತುಣುಕಿನಲ್ಲಿ ಒಂದೇ ವಾಕ್ಯವಿದ್ದರೂ ಸಾಕು. ಅಂದವಾದ ಮೊದಲ ದೃಶ್ಯದ ಮೇಲೆ ಇಡೀ ದಿನ ಕಳೆದವರಿಗೆ ಅಂತ್ಯ ಬರೆಯಲು ಹೊತ್ತು ಸಿಗುವುದಿಲ್ಲ.

[ತೆರೆಯ ಮೇಲೆ: ‘ಸ್ತ್ರೀ’ ಎಂಬ ಪದ ದೊಡ್ಡದಾಗಿ]

ಇನ್ನು ಕನ್ನಡದ ಮಾತು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಆರು ಸಂಕೇತಗಳ ಸಾಲು. ಅವುಗಳನ್ನು ಒತ್ತಕ್ಷರವಾಗಿ ಜೋಡಿಸುವ ಕೆಲಸವನ್ನು ತಂತ್ರಾಂಶವೇ ಮಾಡಬೇಕು. ಆಟಗಳನ್ನು ಕಟ್ಟಲು ಬಳಸುವ ಗೊಡೊ ಗೇಮ್ ಎಂಜಿನ್‌ನಲ್ಲಿ ಈ ಸೌಲಭ್ಯ 2023ರ ನಾಲ್ಕನೇ ಆವೃತ್ತಿಯೊಂದಿಗೆ ಬಂತು. ಮೂರನೆಯದರಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿಯೇ ಉಳಿಯುತ್ತಿದ್ದವು. ಟ್ವೈನ್ ಕಥೆ ಬ್ರೌಸರಿನಲ್ಲಿ ತೆರೆದುಕೊಳ್ಳುವುದರಿಂದ ಜೋಡಣೆಯನ್ನು ಬ್ರೌಸರ್ ನೋಡಿಕೊಳ್ಳುತ್ತದೆ. ಆದರೆ ಟೈಪ್‌ರೈಟರಿನಂತೆ ಅಕ್ಷರಗಳು ಒಂದೊಂದಾಗಿ ಮೂಡುವ ಪರಿಣಾಮವನ್ನು ಬಳಸಿದರೆ ಅಲ್ಲೂ ತೊಂದರೆಯಿದೆ: ಮೊದಲು ‘ಸ’, ಆಮೇಲೆ ‘ಸ್’, ಆಮೇಲೆ ‘ಸ್ತ’ ಹೀಗೆ ಪದ ಕಣ್ಣೆದುರೇ ರೂಪ ಬದಲಿಸುತ್ತ ಹೋಗುತ್ತದೆ. ಪದ ಪದವಾಗಿ ಮೂಡಿಸಿದರೆ ಈ ತೊಂದರೆ ಇರುವುದಿಲ್ಲ, ಓದಿಗೂ ಹಿತ.

ಕೊನೆಯ ಆರು ಗಂಟೆಗಳಲ್ಲಿ ಹೊಸದೇನನ್ನೂ ಸೇರಿಸಬೇಡಿ. ಕಥೆಯನ್ನು ನೋಡಿರದ ಒಬ್ಬರ ಕೈಗೆ ಮೊಬೈಲ್ ಕೊಟ್ಟು, ಏನನ್ನೂ ವಿವರಿಸದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರ ಬೆರಳು ಎಲ್ಲಿ ತಡೆಯುತ್ತದೋ ಆ ವಾಕ್ಯವನ್ನು ತಿದ್ದಿ. ಟ್ವೈನ್ ಇಡೀ ಕಥೆಯನ್ನು ಒಂದೇ ಎಚ್‌ಟಿಎಂಎಲ್ ಕಡತವಾಗಿ ಕೊಡುತ್ತದೆ. ಗಡುವಿಗೆ ಒಂದು ಗಂಟೆ ಮೊದಲೇ ಅದನ್ನು ಅಪ್‌ಲೋಡ್ ಮಾಡಿ, ಬೇರೊಂದು ಮೊಬೈಲಿನಲ್ಲಿ ತೆರೆದು, ಮೂರೂ ಅಂತ್ಯಗಳನ್ನು ಒಮ್ಮೆ ಮುಟ್ಟಿ ನೋಡಿ.

[ತೆರೆಯ ಮೇಲೆ: ಗಡಿಯಾರ 01:00:00ಕ್ಕೆ ನಿಲ್ಲುತ್ತದೆ]