ಬಂಡೆ ಹತ್ತುವ ಮುಂಚೆ ಇಳಿಯೋದು ಕಲಿಯೋಣ

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಸೂರಿನಿಂದ ಕೃಷ್ಣಗಿರಿ ಕಡೆ ಹೊರಟರೆ ಉದ್ದಕ್ಕೂ ಬೋಳು ಬಂಡೆಯ ಗುಡ್ಡಗಳು ಕಾಣುತ್ತವೆ. ರಾಯಕೋಟೆ ಬೆಟ್ಟ, ಕೃಷ್ಣಗಿರಿ ಕೋಟೆಯ ಬೆಟ್ಟ, ಡೆಂಕಣಿಕೋಟೆ ಸುತ್ತಿನ ಕಲ್ಲುಗುಡ್ಡಗಳು. ನಮ್ಮ ಹಳ್ಳಿ ಮಕ್ಕಳು ಆಡು ಮೇಯಿಸುತ್ತಾ ಇವುಗಳ ನೆತ್ತಿ ಮುಟ್ಟಿ ಬರುತ್ತಾರೆ. ರಜೆ ಬಂದರೆ ಬೆಂಗಳೂರಿನ ಹುಡುಗರೂ ಬರುತ್ತಾರೆ. ಹತ್ತುವಾಗ ಎಲ್ಲರಿಗೂ ಹುರುಪು. ಇಳಿಯುವಾಗ ನಡುಬಂಡೆಯಲ್ಲಿ ಕಾಲು ನಡುಗಿ, ಅತ್ತಲೂ ಹೋಗಲಾರದೆ ಇತ್ತಲೂ ಬರಲಾರದೆ ಕೂತವರನ್ನು ನಾನು ನೋಡಿದ್ದೇನೆ. ಅದಕ್ಕೇ ಇವತ್ತು ಈ ಮಾತು.

ನಡೆದು ಹೋಗೋಣ ಅಂದರೆ ದಾರಿ ಕಡಿದಾಗಿದೆ. ಪೂರ್ತಿ ಹಗ್ಗದ ಮೇಲೇ ಹೋಗಬೇಕಾದಷ್ಟು ನೆಟ್ಟಗೂ ಇಲ್ಲ. ಕೈಯೂರಿಕೊಂಡೇ ಮೇಲೆ ಹೋಗಬೇಕು. ಇದಕ್ಕೆ ಸ್ಕ್ರಾಂಬ್ಲಿಂಗ್ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಇದಕ್ಕೆ 1ರಿಂದ 3ರವರೆಗೆ ದರ್ಜೆ ಇಟ್ಟಿದ್ದಾರೆ. ಮೂರನೆಯದಕ್ಕೆ ಬಂದರೆ ಕೆಲವು ಕಡೆ ಹಗ್ಗ ಬೇಕಾಗುತ್ತದೆ.

ನನಗೆ ಇದನ್ನು ಕಲಿಸಿದವರು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ತರಬೇತಿ ಪಡೆದವರು. 1965ರಿಂದ ನಡೆಯುತ್ತಿರುವ ಸಂಸ್ಥೆ ಅದು. ಮೊದಲ ದಿನ ಅವರು ನಮ್ಮನ್ನು ಬೆಟ್ಟಕ್ಕೆ ಹತ್ತಿಸಲೇ ಇಲ್ಲ. ಆಳೆತ್ತರದ ಒಂದು ಇಳಿಜಾರು ಬಂಡೆಯ ಮೇಲೆ ನಿಲ್ಲಿಸಿ, "ಈಗ ಇಳೀರಿ" ಅಂದರು. ಬೆಳಗೆಲ್ಲ ಅದೇ ಕೆಲಸ.

ಇಳಿಜಾರು ಕಡಿಮೆ ಇದ್ದರೆ ಮಂಡಿ ಬಗ್ಗಿಸಿ, ಮುಂದೆ ನೋಡುತ್ತಾ ಇಳಿಯಬೇಕು. ಜಾಸ್ತಿಯಾದರೆ ಮೈಯನ್ನು ಪಕ್ಕಕ್ಕೆ ತಿರುಗಿಸಬೇಕು. ಇನ್ನೂ ಕಡಿದಾದರೆ ಬಂಡೆಗೆ ಮುಖ ಮಾಡಿ, ಹತ್ತುವವರ ಹಾಗೇ ಒಂದೊಂದೇ ಹೆಜ್ಜೆ ಕೆಳಗೆ ಇಡಬೇಕು. ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಕುಂಡೆಯೂರಿ ಜಾರುತ್ತೇವೆ, ಅಲ್ವಾ? ಕೂತರೆ ಭಾರವೆಲ್ಲ ಹಿಂದಕ್ಕೆ ಹೋಗುತ್ತದೆ. ಪಾದದ ಮೇಲೆ ಒತ್ತು ಇರುವುದಿಲ್ಲ, ಹಿಡಿತ ತಪ್ಪುತ್ತದೆ.

ಹತ್ತುವಾಗಲೂ ಹೀಗೇ. ಭಯವಾದರೆ ಮೈ ತಾನಾಗಿ ಬಂಡೆಯನ್ನು ತಬ್ಬಿಕೊಳ್ಳುತ್ತದೆ. ಆಗ ಪಾದ ಹೊರಕ್ಕೆ ತಳ್ಳಿಕೊಂಡು ಜಾರುತ್ತದೆ. "ಅಕ್ಕಾ, ಹೊಟ್ಟೆ ಬಂಡೆಯಿಂದ ದೂರ ಇರಲಿ. ಹಿಮ್ಮಡಿ ಇಳಿಸಿ" ಅಂತ ಅವರು ಕೆಳಗಿನಿಂದ ಕೂಗುತ್ತಿದ್ದರು. ಹಿಮ್ಮಡಿ ತಗ್ಗಿಸಿದರೆ ಅಟ್ಟೆಯ ಜಾಸ್ತಿ ಭಾಗ ಕಲ್ಲಿಗೆ ಒತ್ತುತ್ತದೆ. ನಮ್ಮ ಪಾದ ಏನು ಮಾಡುತ್ತಿದೆ ಅಂತ ಆ ಭಯದಲ್ಲಿ ನಮಗೆ ಗೊತ್ತಾಗುವುದಿಲ್ಲ. ಕೆಳಗೆ ನಿಂತು ನೋಡುವ ಒಬ್ಬರು ಬೇಕು ಅನ್ನುವುದು ಇದಕ್ಕೇ. ವಿಡಿಯೋ ನೋಡಿ ಇದು ಬರುವುದಿಲ್ಲ.

ಇನ್ನು ಕಲ್ಲಿನ ವಿಷಯ. ನಮ್ಮ ಕಡೆಯ ಬಂಡೆ ಬಹಳ ಹಳೆಯದು, ಸುಮಾರು 250 ಕೋಟಿ ವರ್ಷದ್ದು. ಗಟ್ಟಿಯೇನೋ ಹೌದು. ಆದರೆ ಇದರ ಮೇಲ್ಮೈ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತದೆ. ನೋಡಲು ಒಳ್ಳೆ ಹಿಡಿ, ಎಳೆದರೆ ಕೈಗೇ ಬರುತ್ತದೆ. ಹಿಡಿಯುವ ಮುಂಚೆ ಗೆಣ್ಣಿನಿಂದ ತಟ್ಟಿ ಕೇಳಬೇಕು. ಪೊಳ್ಳು ಸದ್ದು ಬಂದರೆ ಅದನ್ನು ಬಿಡಬೇಕು. ನಮ್ಮಲ್ಲಿ ಕಲ್ಲು ಒಡೆಯುವ ಕೆಲಸ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅವರ ಕಿವಿಗೆ ಕಲ್ಲು ಗೊತ್ತು. ಹಿಡಿಯನ್ನು ಹೊರಕ್ಕೆ ಎಳೆಯಬಾರದು, ಕೆಳಕ್ಕೆ ಒತ್ತಬೇಕು. ಎರಡು ಕೈ, ಎರಡು ಕಾಲಿನಲ್ಲಿ ಮೂರು ಸದಾ ಕಲ್ಲಿನ ಮೇಲಿರಬೇಕು, ಒಂದನ್ನು ಮಾತ್ರ ಸರಿಸಬೇಕು. ಬಂಡೆಯ ಮೇಲೆ ನೀರಿಳಿದ ಕಪ್ಪು ಪಟ್ಟೆಗಳಿರುತ್ತವಲ್ಲ, ಅವು ಪಾಚಿ. ಒಂದು ಹನಿ ಮಳೆ ಬಿದ್ದರೂ ಅತ್ತ ಕಾಲಿಡಬೇಡಿ.

ನಮ್ಮ ಬೆಟ್ಟಗಳಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಹೆಜ್ಜೇನಿನದು. ಚಾಚಿಕೊಂಡ ಬಂಡೆಯ ಅಡಿಯಲ್ಲಿ ದೊಡ್ಡ ದೊಡ್ಡ ಹಲ್ಲೆ ಕಟ್ಟಿರುತ್ತವೆ. ನೆಲದ ಮೇಲಿದ್ದರೆ ಮುಖ ಮುಚ್ಚಿಕೊಂಡು ಓಡಬಹುದು. ಬಂಡೆಯ ನಡುವೆ ಎಲ್ಲಿಗೆ ಓಡುತ್ತೀರಿ? ನಮ್ಮ ಸರ್ ಬುಡದಲ್ಲೇ ನಿಂತು ಮೊದಲು ಮೇಲಿನ ಚಾಚುಗಳನ್ನೆಲ್ಲ ಕಣ್ಣಿಟ್ಟು ನೋಡುತ್ತಿದ್ದರು. ಜೇನು ಕಂಡರೆ ಆ ಬದಿಯೇ ಬೇಡ. ಬೀಡಿ, ಬೆಂಕಿ, ಕೂಗಾಟ, ಅತ್ತರು ಯಾವುದೂ ಬೇಡ.

ಕೋಟೆಯಿರುವ ಬೆಟ್ಟಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ರಾಯಕೋಟೆ, ಕೃಷ್ಣಗಿರಿ ಎರಡೂ ಮೈಸೂರಿನ ಟಿಪ್ಪು ಕೈಯಲ್ಲಿದ್ದ ಕೋಟೆಗಳು. 1792ರ ಒಪ್ಪಂದದಲ್ಲಿ ಬಾರಾಮಹಲ್ ಸೀಮೆ ಬ್ರಿಟಿಷರಿಗೆ ಹೋದಾಗ ಇವೂ ಹೋದವು. ಆ ಗೋಡೆಗಳು ಕೈಕಾಲು ಪಳಗಿಸುವ ಜಾಗ ಅಲ್ಲ. ಒಂದು ಕಲ್ಲು ಸಡಿಲಾದರೆ ಮತ್ತೆ ಕೂರಿಸುವವರಿಲ್ಲ.

ಕಲಿಸುವವರನ್ನು ಹುಡುಕುವಾಗ ಸಂಕೋಚ ಬಿಟ್ಟು ಕೇಳಿ. ಎಲ್ಲಿ ತರಬೇತಿ ಆಯಿತು? ಒಬ್ಬರಿಗೆ ಎಷ್ಟು ಜನ ಕಲಿಯುವವರು? ಹೆಲ್ಮೆಟ್ ಕೊಡುತ್ತೀರಾ? ಪೆಟ್ಟಾದರೆ ಕೆಳಗೆ ಹೇಗೆ ತರುತ್ತೀರಿ? ನಡುದಾರಿಯಲ್ಲಿ ಒಬ್ಬರು ಆಗಲ್ಲ ಅಂದರೆ ಎಲ್ಲರೂ ತಿರುಗುತ್ತೀರಾ? ಕೊನೆಯದಕ್ಕೆ "ಅವರನ್ನು ಅಲ್ಲೇ ಕೂರಿಸಿ ಹೋಗುತ್ತೇವೆ" ಅಂದರೆ, ದುಡ್ಡು ಕಟ್ಟಿದ್ದರೂ ಸರಿ, ಅವರ ಜೊತೆ ಹೋಗಬೇಡಿ.

ನಮಸ್ಕಾರ.